ಮಾವನ ಸಾಕ್ಷಿ

ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಈಚೆಗೆ ನನಗೆ ದೇವರ ನೆನಪಾಗುವುದಿಲ್ಲ, ಮಾವನ ಮೂಗಿನ ನೆನಪಾಗುತ್ತದೆ. ಯಾರಿಗೂ ಹೇಳಿಕೊಳ್ಳುವಂಥ ಚಿಂತೆಯಲ್ಲ ಇದು, ಸಣ್ಣದು. ಆದರೆ ಬಿಡದೆ ಕಾಡುತ್ತಿದೆ. ತಂದೆಯೇ ಎಂದು ಶುರುಮಾಡುವಷ್ಟರಲ್ಲಿ, ಅಳು ಬರುವುದಕ್ಕೆ ಮುಂಚೆ ಉಬ್ಬಿಕೊಳ್ಳುವ ಆ ಹೊಳ್ಳೆಗಳು ಎದುರಿಗೆ ಬಂದು ನಿಲ್ಲುತ್ತವೆ. ನಗು ಬರುತ್ತದೆ. ತಡೆಯಲು ತುಟಿ ಕಚ್ಚಿದರೆ, ಪಕ್ಕದಲ್ಲಿ ಕೂತ ಹೆಂಗಸರು ಹುಡುಗಿಯನ್ನು ಪವಿತ್ರಾತ್ಮ ಮುಟ್ಟಿದ ಎಂದುಕೊಂಡು ಬೆನ್ನು ಸವರುತ್ತಾರೆ. ತಿರಸ್ಕಾರವೇ ನನ್ನ ಭಕ್ತಿಯಾಗಿಬಿಟ್ಟರೆ ಏನು ಗತಿ ಎಂದು ಮೊನ್ನೆ ಡೈರಿಯಲ್ಲಿ ಬರೆದೆ. ಆಮೇಲೆ ಆ ಸಾಲನ್ನು ಹೊಡೆದುಹಾಕಿದೆ. ತೀರಾ ನಾಟಕದ ಮಾತಿನಂತಿತ್ತು, ಮಾವ ಹೇಳಿದ ಹಾಗಿತ್ತು.

ಮಾವ ಎಂದರೆ ನನ್ನ ಅಮ್ಮನ ಅಣ್ಣ ಕೆಂಪಸಿದ್ದಯ್ಯ. ನಮ್ಮ ಕ್ರೈಸ್ತ ಸಭೆಯಲ್ಲಿ ಅವರನ್ನು ಬ್ರದರ್ ಪೌಲ್ ಅನ್ನುತ್ತಾರೆ. ಡಿಗ್ರಿಗೆಂದು ಮಳವಳ್ಳಿಯಿಂದ ಬಂದು ಮದ್ದೂರಿನ ಅವರ ಮನೆ ಸೇರಿದವಳು ನಾನು, ಡಿಗ್ರಿ ಮುಗಿದರೂ ಅಲ್ಲೇ ಇದ್ದೇನೆ. ಇಂಗ್ಲಿಷ್ ಓದಿದವಳು ಸಭೆಯಲ್ಲಿ ನಾನೊಬ್ಬಳೇ. ಹಾಗಾಗಿ ಹೊರಗಿನಿಂದ ಬೋಧಕರು ಬಂದಾಗಲೆಲ್ಲ ಪಕ್ಕದಲ್ಲಿ ನಿಂತು ಅವರ ಇಂಗ್ಲಿಷನ್ನು ಕನ್ನಡಕ್ಕೆ, ನಮ್ಮವರ ಕನ್ನಡವನ್ನು ಇಂಗ್ಲಿಷಿಗೆ ಮಾಡುವುದು ನನ್ನ ಪಾಲಿನ ಸೇವೆ. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಲು ನಾಲಗೆ ಏಳದವಳು ಮೈಕಿನ ಮುಂದೆ ಮಾತ್ರ ಗಂಟೆಗಟ್ಟಲೆ ಮಾತಾಡುತ್ತೇನೆ, ಏಕೆಂದರೆ ಅದರಲ್ಲಿ ಒಂದು ಮಾತೂ ನನ್ನದಲ್ಲ.

ನಮ್ಮ ಸಭೆ ಸೇರುವುದು ಶಿವಪುರದ ರಸ್ತೆಯ ಒಂದು ಶೀಟಿನ ಕಟ್ಟಡದಲ್ಲಿ. ಮೊದಲು ಅದು ಬೆಲ್ಲದ ಗೋದಾಮು. ಎಷ್ಟು ಸಲ ಫಿನಾಯಿಲ್ ಹಾಕಿ ತೊಳೆದರೂ ನೆಲದ ಸಂದಿಯಿಂದ ಇರುವೆ ಬರುವುದು ನಿಂತಿಲ್ಲ. ಜನ ಮೊಣಕಾಲೂರಿ ಪ್ರಾರ್ಥಿಸುವಾಗ ಮಿಸುಕಾಡುವುದೆಲ್ಲ ಪವಿತ್ರಾತ್ಮನ ಕೆಲಸವಲ್ಲ.

ಹಾಡು ಮುಗಿದ ಮೇಲೆ ಸಾಕ್ಷಿ. ಸಾಕ್ಷಿ ಎಂದರೆ ತಾನು ಹಿಂದೆ ಎಂಥ ಪಾಪಿಯಾಗಿದ್ದೆ, ಯೇಸು ಹೇಗೆ ಕ್ಷಮಿಸಿ ಕೈಹಿಡಿದ ಎಂದು ಎದ್ದು ನಿಂತು ಎಲ್ಲರೆದುರು ಹೇಳುವುದು. ಅದಕ್ಕೊಂದು ಕ್ರಮವಿದೆ. ಮೊದಲು ಹೆಂಗಸರು: ಜ್ವರ ಬಿಟ್ಟಿದ್ದು, ಹಸು ಗಬ್ಬವಾದದ್ದು. ಇವಕ್ಕೆ ಸಭೆಯಿಂದ ಸ್ತೋತ್ರ ಎಂಬ ಒಂದು ಸಣ್ಣ ಕೂಗು. ಆಮೇಲೆ ಸಣ್ಣಪುಟ್ಟ ಪಾಪಿಗಳು. ಕೊನೆಯಲ್ಲಿ, ನಾಟಕದಲ್ಲಿ ಭೀಮ ಗದೆ ಹೊತ್ತು ಬಂದ ಹಾಗೆ, ದೊಡ್ಡ ಪಾಪಿ. ಅಂದರೆ ನಮ್ಮ ಮಾವ.

ಮಾವನ ಪಾಪ ವರ್ಷದಿಂದ ವರ್ಷಕ್ಕೆ ಮೈಕೈ ತುಂಬಿಕೊಂಡು ಬೆಳೆದಿದೆ. ಮೊದಲು ಬರೀ ಬೀಡಿ, ಸಾರಾಯಿ. ಆಮೇಲೆ ಇಸ್ಪೀಟು ಸೇರಿತು. ಅದಾದ ಮೇಲೆ ಹೊಳಲಿನ ಕಡೆಯ ಯಾವುದೋ ಜಗಳದಲ್ಲಿ ಮಚ್ಚು ಹಿಡಿದು ಓಡಾಡಿದ್ದು. ಇದನ್ನು ಕೇಳಿ ನನ್ನಮ್ಮ ಬಾಯಿಗೆ ಸೆರಗಿಟ್ಟುಕೊಂಡು, "ಮಚ್ಚಾ? ನಮ್ಮಣ್ಣನಾ? ಎಳ್ನೀರ್ ಕೆತ್ತಕ್ಕೂ ಆಳ್ ಕರೀತಿದ್ದ ಕಣೆ," ಎಂದಿದ್ದಳು. ಸಭೆಗೆ ಇದೆಲ್ಲ ಬೇಕಿರಲಿಲ್ಲ. ಪಾಪ ದೊಡ್ಡದಾದಷ್ಟೂ ಕ್ಷಮೆ ದೊಡ್ಡದು, ಕ್ಷಮೆ ದೊಡ್ಡದಾದಷ್ಟೂ ಚಪ್ಪಾಳೆ ಜೋರು.

ಎರಡು ವರ್ಷದಿಂದ ಈಚೆಗೆ ಅದರಲ್ಲಿ ನನ್ನ ಅತ್ತೆ ಮಾಯಮ್ಮನ ಕಿವಿಯೂ ಸೇರಿದೆ. ಅಲ್ಲಿಗೆ ಬಂದಾಗಲೇ ಮಾವನ ಮೂಗು ಉಬ್ಬುವುದು.

"ಅಮಲಲ್ಲಿ ನನ್ ಎಂಡ್ತಿ ಕಪಾಳಕ್ಕೆ ಒಡ್ದೆ. ಕಿವಿ ಒಡ್ದೋಯ್ತು. ಅಂತಾ ರಾಕ್ಷಸನ್ನ ನನ್ನೇಸಪ್ಪ ಎತ್ತಿ ಎದೆಗೆ ಅಪ್ಕಂಡ!"

ಎಲ್ಲರೂ ಅಳುತ್ತಾರೆ. ಮಾವನಿಗಾಗಿ. ಅತ್ತೆ ಹಿಂದೆ ಕಂಬದ ಪಕ್ಕ, ಬಲಗಿವಿಯನ್ನು ಮೈಕಿನ ಕಡೆ ತಿರುಗಿಸಿಕೊಂಡು ಕೂತಿರುತ್ತಾಳೆ.

ಆ ಏಟು ಬಿದ್ದಾಗ ನಾನು ಮನೆಯಲ್ಲೇ ಇದ್ದೆ. ಭಾನುವಾರದ ಬೆಳಿಗ್ಗೆ. ಮಾವನಿಗೆ ದೀಕ್ಷಾಸ್ನಾನವಾಗಿ, ರಕ್ಷಣೆ ಹೊಂದಿ ಆಗಲೇ ಏಳೆಂಟು ವರ್ಷ. ಸಾರಾಯಿಯ ವಾಸನೆಯನ್ನೂ ಮರೆತಿದ್ದರು. ತಲೆಗೆ ನೀರು ಹಾಕಿಕೊಂಡು, ಇಸ್ತ್ರಿಯ ಬಿಳಿ ಶರ್ಟು ತೊಟ್ಟು, ಬೈಬಲ್ಲನ್ನು ಕಂಕುಳಲ್ಲಿಟ್ಟುಕೊಂಡು ಸಭೆಗೆ ಹೊರಟು ನಿಂತಿದ್ದರು. ಅತ್ತೆ ಕೇಳಿದ್ದಿಷ್ಟೆ: "ಮನೇಲಿ ಒಂದ್ ಮಾತೂ ಆಡ್ದೋರು ಅಲ್ಲೋಗಿ ಅದೇನ್ ಗಂಟೆಗಟ್ಲೆ ಮಾತಾಡೀರಿ?"

ಮಾವ ಬೈಬಲ್ಲನ್ನು ಹುಷಾರಾಗಿ ಷೋಕೇಸಿನ ಮೇಲಿಟ್ಟರು. ಕೈ ಖಾಲಿ ಮಾಡಿಕೊಂಡು ಹೊಡೆದರು. ಮತ್ತೆ ಬೈಬಲ್ಲನ್ನೆತ್ತಿಕೊಂಡು ಸಭೆಗೆ ಹೋಗಿ ಹಾಡು ಹೇಳಿಕೊಟ್ಟರು.

ಅಮಲೂ ಇರಲಿಲ್ಲ, ಗಿಮಲೂ ಇರಲಿಲ್ಲ. ಆದರೆ ಸಾಕ್ಷಿಗೆ ಇರುವುದು ಎರಡೇ ಕೋಣೆ: ರಕ್ಷಣೆಗೆ ಮೊದಲು, ರಕ್ಷಣೆಯ ನಂತರ. ಮೊದಲಿನದರಲ್ಲಿ ಕತ್ತಲು, ನಂತರದ್ದರಲ್ಲಿ ಟ್ಯೂಬ್‌ಲೈಟು. ಈ ಏಟು ಬಿದ್ದದ್ದು ಟ್ಯೂಬ್‌ಲೈಟಿನ ಕೋಣೆಯಲ್ಲಿ, ಅಲ್ಲಿ ಅದನ್ನಿಡಲು ಜಾಗವಿಲ್ಲ. ಮಾವ ಅದನ್ನೆತ್ತಿ ಹಿಂದಿನ ಕೋಣೆಗೆ ಹಾಕಿ, ಮೇಲೆ ಒಂದಿಷ್ಟು ಸಾರಾಯಿ ಚಿಮುಕಿಸಿ, ಚಿಲಕ ಹಾಕಿದರು. ಆಮೇಲೆ ಅದಕ್ಕೆ ಕ್ಷಮೆ ಪಡೆದರು. ಕುಡಿದು ಹೊಡೆದ ಆ ಗಂಡಸು ಇರಲೇ ಇಲ್ಲ. ಇಲ್ಲದವನನ್ನು ಕ್ಷಮಿಸುವುದಕ್ಕೆ ಯಾರಿಗೇನು ಕಷ್ಟ? ಸಭೆಯಲ್ಲಿ ಒಬ್ಬರಾದರೂ ಯಾವಾಗ ಎಂದು ಕೇಳಲಿಲ್ಲ. ಅತ್ತೆಗೆ ಕಿವಿಯಿದೆ ಎನ್ನುವುದನ್ನೇ ಅದಕ್ಕೆ ಮುಂಚೆ ಯಾರೂ ಗಮನಿಸಿರಲಿಲ್ಲ.

ಪಶ್ಚಾತ್ತಾಪ ಹೇಗಿರುತ್ತದೆಂದು ನನಗೆ ಗೊತ್ತಿಲ್ಲದೆ ಏನಿಲ್ಲ. ನಮ್ಮ ಮನೆಯಲ್ಲಿ ಮೊದಲು ಯೇಸುವನ್ನು ನಂಬಿದವಳು ಅಪ್ಪನ ತಾಯಿ ಚಿಕ್ಕಬೋರಮ್ಮ. ಅಪ್ಪ ಹೇಳುತ್ತಿದ್ದ ಕತೆ ಇದು. ತಾಮ್ರದ ಚೆಂಬು ಕಾಣೆಯಾದಾಗ ಅಜ್ಜಿ, ಕಳೆ ಕೀಳಲು ಬರುತ್ತಿದ್ದ ಪಟ್ಟಲಮ್ಮನ ಮೇಲೆ ಕಳ್ಳತನ ಹೊರಿಸಿದ್ದಳು. ಚೆಂಬು ಹುಲ್ಲಿನ ಮೆದೆಯಲ್ಲಿ ಸಿಕ್ಕಿತು. ಅಜ್ಜಿ ಮಟಮಟ ಮಧ್ಯಾಹ್ನ ಪಟ್ಟಲಮ್ಮನ ಬಾಗಿಲಲ್ಲಿ ನಿಂತು, "ನಾನ್ ಸುಳ್ಳಾಡ್ದೆ ಕಣವ್ವ, ತಪ್ಪು ನಂದು," ಎಂದಳಂತೆ. ಪಟ್ಟಲಮ್ಮ ಕ್ಷಮಿಸಲಿಲ್ಲ. ಅಜ್ಜಿಯ ವಂಶವನ್ನೆಲ್ಲ ಬೀದಿಗೆಳೆದು ಬೈದು ಬಾಗಿಲು ಹಾಕಿಕೊಂಡಳು. ಅಜ್ಜಿ ಮಾರನೆಯ ದಿನ ಮತ್ತೆ ಹೋದಳು. ಕೊನೆಗೆ ಕ್ಷಮೆ ಸಿಕ್ಕಿತೋ ಇಲ್ಲವೋ ಅಪ್ಪನಿಗೂ ಗೊತ್ತಿಲ್ಲ. ಸಭೆಯಲ್ಲಿ ಅದನ್ನು ಸಾಕ್ಷಿಯಾಗಿ ಹೇಳು ಎಂದರೆ ಅಜ್ಜಿ, "ಊರ್ಗೆಲ್ಲ ಯಾಕ್ ಏಳಾನ? ಪಟ್ಲಮ್ಮಂಗೆ ಏಳಿವ್ನಿ," ಎನ್ನುತ್ತಿದ್ದಳಂತೆ.

ಈ ತಿಂಗಳು ಅತ್ತೆಯ ಎಡಗಿವಿ ಸೋರಲು ಶುರುವಾಯಿತು. ದಿಂಬಿನ ಮೇಲೆ ಹಳದಿ ಕಲೆ. ಮಾವ ಎಣ್ಣೆಗೆ ಪ್ರಾರ್ಥನೆ ಮಾಡಿ ಹಚ್ಚಿದರು. ಪಕ್ಕದ ಮನೆಯ ಟೈಲರ್ ಶಮೀಮ್ ಬಾನು ಅದನ್ನು ನೋಡಿ, "ಮಾಯಕ್ಕ, ಸೀರೆ ಉಟ್ಕೊ, ನಡಿ," ಎಂದು ಮಂಡ್ಯದ ಆಸ್ಪತ್ರೆಗೆ ಹೊರಡಿಸಿದಳು. ನಾನೂ ಹೋದೆ. ಕಿವಿಯ ತಮಟೆ ಹರಿದಿದೆ, ಮೊದಲು ಸೋರುವುದು ನಿಲ್ಲಲಿ, ಆಮೇಲೆ ಆಪರೇಷನ್ ಮಾಡಿ ಪೊರೆ ಕೂರಿಸೋಣ ಎಂದರು ಡಾಕ್ಟರು. ಹೀಗೇ ಬಿಟ್ಟರೆ ಕೀವು ಒಳಗಿನ ಮೂಳೆಗೆ ಇಳಿಯುತ್ತದೆ ಎಂದೂ ಹೇಳಿದರು. ಮಾತ್ರೆ ನುಂಗಿ, ಡ್ರಾಪ್ಸ್ ಹಾಕಿ, ಸೋರುವುದು ನಿಂತಿತು. ಮತ್ತೆ ಹೋದಾಗ ನೋಡಿ, ಬರುವ ಬುಧವಾರ ಬಂದು ಸೇರಿಕೊಳ್ಳಿ ಎಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ಅತ್ತೆ, "ಎಲ್ಡ್ ಕಿವೀಲೂ ಕೇಳದು ಎಂಗಿತ್ತು ಅನ್ನದೇ ಮರ್ತೋಗದೆ ಕಣಮ್ಮಿ," ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕಳು.

"ಯೋಚ್ನೆ ಮಾಡು ಮಾಯಕ್ಕ," ಎಂದಳು ಶಮೀಮ್ ಬಾನು. "ಎಲ್ಡೂ ಸರಿಯಾದ್ರೆ ನಿನ್ ಗಂಡನ್ ಭಾಷಣ ಡಬಲ್ ಕೇಳ್ಬೇಕಾಯ್ತದೆ."

ಆ ವಾರವೇ ನಮ್ಮ ಸಭೆಯ ಪಾಸ್ಟರ್ ಶಶಿಧರ್ ಮನೆಗೆ ಬಂದರು. ಭಾನುವಾರ ತಿರುನೆಲ್ವೇಲಿಯಿಂದ ಬ್ರದರ್ ರಾಜದುರೈ ಅನ್ನುವ ಹಿರಿಯ ಬೋಧಕರು ಬರುತ್ತಾರೆ, ಅವರ ಮುಂದೆ ಒಂದು ಬಲವಾದ ಸಾಕ್ಷಿ ಬೇಕು ಎಂದರು. ಬಲವಾದ ಎನ್ನುವಾಗ ಮುಷ್ಟಿ ಹಿಡಿದು ತೋರಿಸಿದರು. ಸಭೆಯ ಹಿರಿಯರ ಸ್ಥಾನ ಖಾಲಿಯಿದೆ, ಅವರ ಕೈಯಿಂದಲೇ ಬ್ರದರ್ ಪೌಲ್‌ಗೆ ಅಭಿಷೇಕ ಮಾಡಿಸೋಣ ಎಂದೂ ಹೇಳಿದರು. ಮಾವನ ಮೂಗು ಅಲ್ಲೇ ಉಬ್ಬಿತು.

"ಅಕ್ಕನ ಕಿವಿ ಸೋರೋದು ನಿಂತಿದೆಯಂತಲ್ಲ?" ಎಂದರು ಪಾಸ್ಟರು.

"ನಿಂತದೆ ಪಾಸ್ಟ್ರೇ. ಪ್ರಾರ್ಥನೆ ಮಾಡಿ ಎಣ್ಣೆ ಅಚ್ಚಿದ್ದೆ."

"ಸ್ತೋತ್ರ! ಅಂದ್ಮೇಲೆ ಕೇಳಿಸ್ತಾನೂ ಇರ್ಬೇಕು."

ಮಾವನ ಮುಖದಲ್ಲಿ ಏನೋ ಹೊತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. "ಮೊದ್ಲು ಪಾಪ ಓಯ್ತು," ಎಂದರು ನಿಧಾನವಾಗಿ. "ಈಗ ಪಾಪದ ಗುರ್ತೂ ಓಯ್ತು!"

ಇದನ್ನು ಹೇಳುವಾಗ ಅವರು ನಿಜವಾಗಿಯೂ ನಂಬಿದ್ದರು ಎಂಬುದೇ ನನಗೆ ಹೇಸಿಗೆ. ಸುಳ್ಳುಗಾರನಾಗಿದ್ದರೆ ಒಂದಿಷ್ಟು ಮರ್ಯಾದೆಯಾದರೂ ಕೊಡಬಹುದಿತ್ತು, ಸುಳ್ಳುಗಾರನಿಗೆ ನಿಜ ಯಾವುದೆಂದು ಗೊತ್ತಿರುತ್ತದೆ. ಮಾತ್ರೆಯ ವಿಷಯ ನನ್ನ ಗಂಟಲವರೆಗೆ ಬಂತು. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತೆಗೆ ಪಾಸ್ಟರು ಇದ್ದಲ್ಲಿಂದಲೇ ದೊಡ್ಡ ದನಿಯಲ್ಲಿ ಬೋಧಿಸಿದರು. "ಅಕ್ಕಾ, ನಾವು ಬೇರೆಯವರನ್ನ ಕ್ಷಮಿಸದಿದ್ರೆ ದೇವ್ರು ನಮ್ಮನ್ನ ಕ್ಷಮಿಸಲ್ಲ. ಬ್ರದರ್‌ನ ನೀವು ಸಂಪೂರ್ಣ ಕ್ಷಮಿಸಿದ್ರೆ ಸಂಪೂರ್ಣ ಬಿಡುಗಡೆ. ಕಿವಿ ಕೇಳಿಸ್ತಿಲ್ಲ ಅಂದ್ರೆ ಮನಸ್ಸಲ್ಲಿ ಇನ್ನೂ ಏನೋ ಕಹಿ ಇಟ್ಕೊಂಡಿದ್ದೀರಿ ಅಂತ ಅರ್ಥ."

ಹೊಡೆದವರು ಮಾವ, ತಪಾಸಣೆ ಅತ್ತೆಯ ಮನಸ್ಸಿನದು. ಹೀಗೂ ಒಂದು ನ್ಯಾಯ.

"ಬುಧವಾರ ಆಸ್ಪತ್ರೆಗೆ ಓಗ್ಬೇಕು," ಎಂದಳು ಅತ್ತೆ.

ಮಾವ ಗದರಿದರು. "ಭಾನುವಾರ ವಾಸಿಯಾಯ್ತು ಅಂತ ಸಾಕ್ಷಿ ಏಳಿ ಬುಧವಾರ ಓಗಿ ಕತ್ತರಿ ಆಕುಸ್ಕೊಂಡ್ರೆ ಜನ ಬಾಯಲ್ ನಗಾಕಿಲ್ಲ. ದೇವ್ರಿಗೆ ಅವಮಾನ! ಆಸ್ಪತ್ರೆ ಮಾತ್ ಬುಡು ಇನ್ನ."

ಬುಧವಾರ ಹೋಯಿತು ಎಂದು ನನಗೆ ಗೊತ್ತಾಯಿತು. ಈ ಬುಧವಾರ ಮಾತ್ರವಲ್ಲ. ಒಮ್ಮೆ ಮೈಕಿನಲ್ಲಿ ವಾಸಿಯಾದ ಕಿವಿ ಮತ್ತೆ ಯಾವ ಬುಧವಾರವೂ ಆಸ್ಪತ್ರೆಗೆ ಹೋಗುವಂತಿಲ್ಲ.

ಸಂಜೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತೆಯ ಬಲಗಡೆ ಕೂತು ಕೇಳಿದೆ. "ಅತ್ತೆ, ನೀನು ಮಾವನ್ನ ಕ್ಷಮಿಸಿದ್ದೀಯಾ?"

ಅವಳು ಮಾವನ ಬಿಳಿ ಶರ್ಟಿನ ಕಾಲರನ್ನು ಉಜ್ಜುತ್ತಲೇ ಹೇಳಿದಳು. "ಕೇಳುದ್ರೆ ತಾನೇ ಮಗ ಕೊಡದು? ಕೊಟ್ಟೇನೋ ಏನೋ, ನಂಗೇನ್ ಗೊತ್ತು. ಇದುವರ್ಗೂ ಬಂದು 'ಮಾಯಿ, ತಪ್ಪಾಯ್ತು' ಅಂದಿಲ್ಲ ನಿಮ್ಮಾವ. ದೇವ್ರು ಕ್ಷಮಿಸ್ಬುಟ್ಟವ್ನಂತೆ." ಶರ್ಟನ್ನು ಕಲ್ಲಿಗೆ ಅಪ್ಪಳಿಸಿದಳು. "ದೇವ್ರಿಗೇನ್ ಕಪಾಳಕ್ಕೆ ಬಿದ್ದಿತ್ತಾ?"

"ಹಾಗಾದ್ರೆ ಭಾನುವಾರ ಹೇಳ್ಬೇಡ."

"ಏಳ್ದೆ ಇದ್ರೆ ಕಲ್ಲೆದೆಯೋಳು ಅಂತಾರೆ. ಅಷ್ಟ್ ಜನದ್ ಮುಂದೆ ನಾನ್ ಇಲ್ಲ ಅನ್ನಕ್ಕಾದದಾ? ಮನೇಲೇ ಒಂದ್ ಮಾತ್ ಅಂದಿದ್ಕೆ ಒಂದ್ ಕಿವಿ ಓಯ್ತು." ನಕ್ಕಳು, ಆದರೆ ಬಸ್ಸಿನಲ್ಲಿ ನಕ್ಕ ಹಾಗಲ್ಲ.

ಶನಿವಾರ ಮಧ್ಯಾಹ್ನ ಮಾವ ನಡುಮನೆಯಲ್ಲಿ ತಾಲೀಮು ಮಾಡಿಸಿದರು. ಮೈಕಿಗೆ ಸ್ಟೀಲ್ ಲೋಟ. ಬೋಧಕರ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ. ಅತ್ತೆಯನ್ನು ನಡುವೆ ನಿಲ್ಲಿಸಿ ನನ್ನನ್ನು ಅವಳ ಬಲಗಡೆಗೆ ಎಳೆದರು.

"ನೋಡಮ್ಮಿ ಅಮೃತ, ದೊಡ್ಡೋರು ವಾಸಿಯಾಗದಾ ಅಂತ ನೋಡಕ್ಕೆ ಎಡಗಿವೀಲಿ ಇಂಗ್ಲಿಷಲ್ಲಿ ಪಿಸುಗುಡ್ತಾರೆ. ಇವ್ಳಿಗೆ ಎಂಗೂ ಇಂಗ್ಲಿಷ್ ಬರಾಕಿಲ್ಲ. ನೀನು ಈ ಕಡೆ ನಿಂತ್ಕಂಡು ಅದ್ನೇ ಕನ್ನಡದಲ್ಲಿ ಏಳು. ಇವ್ಳು ಕೇಳುಸ್ತು, ಸ್ತೋತ್ರ ಅಂತಾಳೆ. ಮುಗೀತು."

"ಅಂದ್ರೆ ಕೇಳೋದು ಬಲಗಿವಿ," ಎಂದೆ. ಅಷ್ಟು ಹೇಳುವಷ್ಟರಲ್ಲೇ ನನ್ನ ಕಿವಿ ಬಿಸಿಯಾಗಿತ್ತು.

"ಯಾವ್ದಾದ್ರೇನು? ದೇವ್ರು ಕೊಟ್ಟಿದ್ದೇ ತಾನೆ ಎಲ್ಡೂ?"

ಇದನ್ನು ಅವರು ತಮಾಷೆಗೆ ಹೇಳಲಿಲ್ಲ. ಅತ್ತೆ ಮೂರು ಸಲ ಸ್ತೋತ್ರ ಎಂದಳು. ಮೂರನೆಯದಕ್ಕೆ ಮಾವ, "ಒಸಿ ಅಳ್ತಾ ಏಳು," ಎಂದರು.

ಭಾನುವಾರ ಬಂದ ಬ್ರದರ್ ರಾಜದುರೈ ಸಣಕಲು ಮನುಷ್ಯ. ನೆಗಡಿಯಾಗಿತ್ತು, ಕರ್ಚೀಫನ್ನು ಕೈಯಲ್ಲೇ ಹಿಡಿದಿದ್ದರು. ಚಿನ್ನದ ವಾಚು, ಕೋಟು, ಕೂಗಾಟ ಎಂದೆಲ್ಲ ಎಣಿಸಿ ನಾನು ಹೊಲಿದಿಟ್ಟುಕೊಂಡಿದ್ದ ತಿರಸ್ಕಾರ ಅವರಿಗೆ ಅಳತೆಯಾಗಲಿಲ್ಲ. ನನಗದರಿಂದ ಒಂದಿಷ್ಟು ಬೇಜಾರೂ ಆಯಿತು. ಕಡಿಮೆ ಮಾತಾಡಿದರು. ಪಶ್ಚಾತ್ತಾಪವೆಂದರೆ ಅಳುವುದಲ್ಲ, ಅದು ಹಿಂದಕ್ಕೆ ತಿರುಗಿ ನಡೆಯುವುದು ಎಂದರು. ಯಾರನ್ನು ನೋಯಿಸಿ ಬಂದೆಯೋ ಅವರ ಮನೆಯ ದಾರಿ ಹಿಡಿದು ಹೋಗದವನು ದೇವರ ಮನೆಗೂ ಬಂದಿಲ್ಲ ಎಂದರು. ನಾನು ಕನ್ನಡಕ್ಕೆ ಮಾಡಿದೆ. ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವರು ಮಾವ.

ಆಮೇಲೆ ಸಾಕ್ಷಿ. ಬೀಡಿ ಬಂತು, ಸಾರಾಯಿ ಬಂತು, ಇಸ್ಪೀಟು, ಮಚ್ಚು. ಒಂದೊಂದನ್ನೂ ನಾನು ಇಂಗ್ಲಿಷಿಗೆ ಎತ್ತಿಹಾಕಿದೆ, ಕೂಲಿಯವರು ಲಾರಿಗೆ ಮೂಟೆ ಹಾಕಿದಂತೆ. ಕಪಾಳದ ಏಟು ಬಂತು, ಮೂಗು ಉಬ್ಬಿತು, ಸಭೆ ಅತ್ತಿತು. "ಇವತ್ತು ನನ್ನೇಸಪ್ಪ ಆ ಕ್ಷಮೆಗೆ ಮುದ್ರೆ ಒತ್ತವ್ನೆ!" ಎಂದು ಮಾವ ಅತ್ತೆಯ ತೋಳು ಹಿಡಿದು ವೇದಿಕೆಗೆ ತಂದು ನಿಲ್ಲಿಸಿದರು. ಪಾಸ್ಟರು ಡ್ರಮ್ಮಿನವರ ಕಡೆ ಕೈಯೆತ್ತಿದರು, ಅತ್ತೆ ಕೇಳಿಸಿತು ಎಂದ ಕೂಡಲೇ ಬಾರಿಸಲಿ ಎಂದು.

ಅಂದುಕೊಂಡ ಹಾಗೇ ನಿಂತೆವು. ಅತ್ತೆಯ ಎಡಗಡೆ ಬೋಧಕರು, ಬಲಗಡೆ ಮೈಕು ಹಿಡಿದ ನಾನು, ನನ್ನ ಬೆನ್ನ ಹಿಂದೆ ಮಾವ. ಬೋಧಕರು ಸುಮ್ಮನೆ ಅತ್ತೆಯ ಮುಖ ನೋಡಿದರು. ಕಣ್ಣು ಮುಚ್ಚಿಕೊಳ್ಳಲು ಹೇಳಿ ಎಂದು ನನಗೆ ಸನ್ನೆ ಮಾಡಿದರು. ಹೇಳಿದೆ. ಅತ್ತೆ ಕಣ್ಣು ಮುಚ್ಚಿದಳು.

ಅವರು ಬಗ್ಗಿ, ಒಂದು ಕೈಯಿಂದ ಬಲಗಿವಿ ಮುಚ್ಚಿ ಹಿಡಿದು ಎಡಗಿವಿಯಲ್ಲಿ ಪಿಸುಗುಟ್ಟಿದರು. ಇಂಗ್ಲಿಷಿನಲ್ಲಲ್ಲ. ಯಾರು ಕಲಿಸಿದ್ದರೋ, ಮುರುಕು ಕನ್ನಡದಲ್ಲಿ.

"ಊಟ ಆಯ್ತಾ ಅಮ್ಮಾ?"

ಕೈ ತೆಗೆದರು. ನನಗೆ ಕೇಳಿಸಿತು. ಮುಂದಿನ ಸಾಲಿನವರಿಗೂ ಕೇಳಿಸಿರಬೇಕು. ಅತ್ತೆಗೆ ಕೇಳಿಸಲಿಲ್ಲ. ಬಸ್ಸಿಗೆ ಕಾದವಳ ಹಾಗೆ ಕಣ್ಣು ಮುಚ್ಚಿಕೊಂಡು ನಿಂತೇ ಇದ್ದಳು. ಅವಳು ಕಾಯುತ್ತಿದ್ದದ್ದು ನನ್ನ ದನಿಗೆ.

"ಅಮ್ಮಿ, ಬಗ್ಗಿ ಏಳು," ಮಾವನ ಬಿಸಿ ಉಸಿರು ನನ್ನ ಕತ್ತಿಗೆ ತಾಗಿತು. "ಊಟ ಆಯ್ತಾ ಅಂತ ಏಳು."

ಎರಡು ಪದ. ಅವು ಹೋಗುವುದು ಬಲಗಿವಿಗೆ. ಅತ್ತೆ ಆಯ್ತು ಎನ್ನುತ್ತಾಳೆ, ಡ್ರಮ್ಮು ಮೊಳಗುತ್ತದೆ, ಮಾವ ಹಿರಿಯರಾಗುತ್ತಾರೆ, ಬುಧವಾರ ಬರುವುದಿಲ್ಲ. ನಾನು ಬಗ್ಗಲಿಲ್ಲ. ಧೈರ್ಯದಿಂದಲ್ಲ, ಕುತ್ತಿಗೆಯೇ ಅಲ್ಲಾಡಲಿಲ್ಲ.

ಮಾವ ನನ್ನ ಭುಜದ ಮೇಲಿಂದ ಮೈಕಿಗೆ ಬಾಯಿ ಹಾಕಿದರು. "ಕೇಳುಸ್ತು, ಕೇಳುಸ್ತು! ಸಂತೋಸಕ್ಕೆ ಅವ್ಳಿಗೆ ಮಾತೇ ಬತ್ತಾ ಇಲ್ಲ!"

ಅಲ್ಲೊಂದು ಇಲ್ಲೊಂದು ಚಪ್ಪಾಳೆ ಎದ್ದಿತು. ಬೋಧಕರು ಚಪ್ಪಾಳೆಯ ಕಡೆ ನೋಡಲಿಲ್ಲ. ಕರ್ಚೀಫಿನಿಂದ ಮೂಗೊರೆಸಿಕೊಂಡು ನನ್ನತ್ತ ತಿರುಗಿ, ಇವರಿಗೆ ಕೇಳಿಸಿತೇ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

ಅಭ್ಯಾಸಬಲದಿಂದ ಅದನ್ನು ಕನ್ನಡಕ್ಕೆ ಮಾಡಲು ಬಾಯಿ ತೆರೆದೆ. ತೆರೆದ ಮೇಲೆ ತಿಳಿಯಿತು, ಆ ಪ್ರಶ್ನೆ ಕೇಳಿದ್ದು ನನ್ನನ್ನು. ಆ ಗೋದಾಮಿನಲ್ಲಿ ಇಷ್ಟು ವರ್ಷದಲ್ಲಿ ನನ್ನನ್ನೇ ಕೇಳಿದ ಮೊದಲ ಪ್ರಶ್ನೆ. ಮೈಕು ಬಾಯಿಗೆ ಹತ್ತಿರವೇ ಇತ್ತು.

"ಇಲ್ಲ," ಎಂದೆ, ಕನ್ನಡದಲ್ಲಿ. ಶೀಟಿನ ಮಾಡಿಗೆಲ್ಲ ಬಡಿದು ನನ್ನ ದನಿ ನನಗೇ ವಾಪಸ್ಸು ಬಂತು. "ಅತ್ತೆಗೆ ಆ ಕಿವಿ ಕೇಳ್ಸಲ್ಲ. ಬುಧವಾರ ಆಪರೇಷನ್ನು."